ಒಂದೇ ಕವಚ, ಎರಡು ಬೆನ್ನು

ಬೆಳಗಿನ ಏಳಕ್ಕೆ ನೀನು ಬಿಚ್ಚುತ್ತೀ, ನಾನು ತೊಡುತ್ತೇನೆ.
ಒಳಗಿನ ಬಟ್ಟೆ ಇನ್ನೂ ಬೆಚ್ಚಗೆ, ಒದ್ದೆ.
ಹನ್ನೆರಡು ತಾಸಿನ ನಿನ್ನ ಬೆವರು
ನನ್ನ ಹೆಗಲಿಗೆ ದಾಟುತ್ತದೆ.
ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತೇವೆ:
ರಿವಾಲ್ವರ್ ಒಂದು, ಗುಂಡು ಆರು,
ಗುಂಡು ತಡೆಯುವ ಕವಚ ಒಂದು.
ಬೆವರಿಗೆ ಕಾಲಂ ಇಲ್ಲ.

ಗುವಾಯಾಕಿಲ್‌ನ ಫೆಬ್ರವರಿ, ಹೋಲ್ಗರ್.
ಮಳೆ ಬಂದು ಹೋದರೂ ತಣಿಯದ ಊರು.
ಕಡಲು ಉಬ್ಬಿದರೆ ನದಿ ಹಿಂದಕ್ಕೆ ಹರಿಯುತ್ತದೆ,
ಅಂತರಗಂಗೆಯ ತೆಪ್ಪಗಳು ಒಮ್ಮೆ ಮೇಲೆ, ಒಮ್ಮೆ ಕೆಳಗೆ,
ಅವಕ್ಕೂ ಪಾಳಿ.
ಸಿಗಡಿ ಮೇವಿನ ಗೋದಾಮಿನ ಎದುರು
ಗಾಳಿ ನಿಂತಲ್ಲೇ ನಾನೂ ನಿಂತಿರುತ್ತೇನೆ.

ಮೊದಲು ಒಂದೇ ಒಂದು, ಹೆಗಲೆಲುಬಿನ ಕೆಳಗೆ.
ಸೊಳ್ಳೆ ಅಂದುಕೊಂಡೆ.
ಆಮೇಲೆ ಪಟ್ಟಿ ಒತ್ತುವ ದಾರಿಯುದ್ದಕ್ಕೂ
ಕೆಂಪಗೆ, ಗಟ್ಟಿಗೆ, ಕೆಲವು ಕೀವು ತುಂಬಿ.
ನಲವತ್ತೊಂದನೇ ವಯಸ್ಸಿಗೆ ಮೊಡವೆ!
ಮಗಳು ನಕ್ಕಳು, "ಅಮ್ಮಾ, ನನ್ನ ಸರದಿ ನೀನ್ಯಾಕೆ ತಗೊಂಡೆ?"
ತನ್ನ ಬೆನ್ನು ತನಗೆ ಕಾಣದು.
ಅವಳು ಫೋನಿನಲ್ಲಿ ಹಿಡಿದು ತೋರಿಸಿದಳು.
ಯಾರದೋ ಅನ್ನಿಸಿ, ಪಾಪ ಅಂದೆ.

ಮೇಲ್ವಿಚಾರಕ ತಪಾಸಣೆಗೆ ಬಂದವನು ಬೆನ್ನು ತಟ್ಟಿದ.
ಶಭಾಷ್‌ಗಿರಿ ಇಷ್ಟು ಉರಿಯುತ್ತದೆಂದು
ಗೊತ್ತಿರಲಿಲ್ಲ.

ನೀನು ಅಂಗಿ ಎತ್ತಿದ್ದೂ ಆವತ್ತೇ,
ಗೋಡೆಯತ್ತ ತಿರುಗಿ, ನಾಚಿಕೊಂಡು.
ಅದೇ ಗೆರೆ, ಅದೇ ತಿರುವು,
ಇಬ್ಬರ ಮೇಲೂ ಒಂದೇ ಕೈಬರಹ.
ಅದನ್ನು ಪಾತ್ರೆಯ ನಾರಿನಿಂದ ತಿಕ್ಕಿದ್ದೀಯಲ್ಲೋ ಮಾರಾಯ,
ಮೊಡವೆಯೇನು ತಳ ಹಿಡಿದ ಅನ್ನವೆ?

ಆರೋಗ್ಯ ಕೇಂದ್ರದ ಡಾಕ್ಟರು, ಇನ್ನೂ ಹುಡುಗಿ,
ನನಗೆ ಹೇಳಿದ್ದನ್ನು ನಿನಗೂ ಹೇಳುತ್ತೇನೆ, ಕೇಳು:
ತಿಕ್ಕಬೇಡ. ಹಿಂಡಬೇಡ. ಪಾಳಿ ಮುಗಿದೊಡನೆ ಮೈ ತೊಳೆ.
ಒಳಗೆ ಸಡಿಲದ ತೆಳು ಹತ್ತಿ, ದಿನಕ್ಕೆರಡು,
ಒದ್ದೆಯಾದರೆ ಬದಲಿಸು.
ಔಷಧಿಯ ನೊರೆ ಹಚ್ಚಿ, ಕೆಲವು ನಿಮಿಷ ತಾಳಿ, ತೊಳೆ.
ಅವಸರ ಬೇಡ, ತಿಂಗಳುಗಳೇ ಹಿಡಿಯುತ್ತವೆ.
"ಆ ಕವಚ ಹಾಕದೇ ಇರಲು ಆಗುತ್ತದಾ?"
ಎಂದೂ ಕೇಳಿದಳು.
ನಾನು ಅವಳನ್ನು ನೋಡಿದೆ.
ಅವಳು ಚೀಟಿಯನ್ನು ನೋಡಿಕೊಂಡಳು.

ಔಷಧಿಗೆ ಬಣ್ಣ ತಿನ್ನುವ ಚಟ.
ನೀಲಿ ಟವೆಲ್ಲಿನ ತುಂಬ ಕಿತ್ತಳೆ ದ್ವೀಪಗಳು.
ಸಮವಸ್ತ್ರದ ಕಾಲರು ಮಾಸಿದ್ದಕ್ಕೆ
ಸಂಬಳದಲ್ಲಿ ಹಿಡಿದರು.

ಕೈ ತಲುಪದೆ ಉಳಿಯುವ ಜಾಗ ಒಂದು ಅಂಗೈಯಗಲ.
ನನಗೆ ಮಗಳಿದ್ದಾಳೆ.
ನಿನಗೆ, ಉದ್ದ ಸೌಟಿಗೆ ಹಳೆ ಬಟ್ಟೆ ಸುತ್ತಿ ತಂದುಕೊಟ್ಟೆ.
ಇದಕ್ಕಿಂತ ಹೆಚ್ಚು ಬೆನ್ನಿಗೆ ನಿಲ್ಲುವುದು
ನನ್ನಿಂದಾಗದು, ಹೋಲ್ಗರ್.
ನಾನು ವಿಧವೆ, ಕಾವಲಿನ ಜನಕ್ಕೆ ಬಾಯಿ ದೊಡ್ಡದು.

ಔಷಧಿಯ ಟ್ಯೂಬಿನ ಮಡಿಕೆಯಲ್ಲಿ
ಅವಧಿಯ ತಾರೀಕು ನೋಡುವ ಅಭ್ಯಾಸ ನನಗೆ.
ಮೊನ್ನೆ ಯಾಕೋ ಕವಚದ ಒಳಚೀಟಿಯನ್ನೂ ತಿರುವಿದೆ.
ಮುಗಿದು ಮೂರು ವರ್ಷ ನಾಲ್ಕು ತಿಂಗಳು.
ಎರಡು ಬೆನ್ನಿನ ಉಪ್ಪು ಕುಡಿದೂ ಕುಡಿದೂ
ಅಕ್ಷರ ಅರ್ಧ ಅಳಿಸಿತ್ತು.
ನಿನಗೆ ಹೇಳಿದೆ. ನೀನು ನಕ್ಕೆ, ಆಮೇಲೆ ನಗಲಿಲ್ಲ.

ಭಾನುವಾರ ಗೋದಾಮಿಗೆ ಬೀಗ.
ಪಾಳಿ ಮುಗಿದರೂ ನೀನು ಮನೆಗೆ ಹೋಗಲಿಲ್ಲ.
ಒಳಗಿನ ಹಲಗೆಗಳನ್ನು ಎಳೆದು ನೆರಳಿಗೆ ಇಟ್ಟು
ಹೊದಿಕೆಯನ್ನಷ್ಟೇ ಬಕೆಟ್ಟಿಗೆ ಹಾಕಿದೆವು.
ನೀರು ಚಹಾ ಆಯಿತು. ಚೆಲ್ಲಿದೆವು. ಮತ್ತೆ ಚಹಾ.
ನಾಲ್ಕನೆಯ ಸಲಕ್ಕೆ ಸಾಕು ಅಂದೆ.
ಗೇಟಿನ ಮೇಲೆ ಹರವಿ ಪಕ್ಕದಲ್ಲೇ ನಿಂತೆವು.
ಮೂರು ತಾಸು
ಯಾರು ಬೇಕಾದರೂ ನಮ್ಮನ್ನು ಸುಲಭವಾಗಿ ಕೊಲ್ಲಬಹುದಿತ್ತು.

ನದಿಯ ಕಡೆಯಿಂದ ಏನೋ ಬಂತು,
ಅಂಗಿಯ ಒಳಗೆ ಹೋಯಿತು.
"ಗಾಳಿ" ಅಂದೆ ನೀನು,
ದಾರಿಯಲ್ಲಿ ಎದುರಾದ ಹಳೆಯ ಗುರುತಿನವರ ಹೆಸರು
ಅವರು ದಾಟಿಹೋದ ಮೇಲೆ ನೆನಪಾದ ಹಾಗೆ.