ಭತ್ತವ್ವನ ಬಾಕಿ

ಒಸಾಕಾದಿಂದ ಬಂದಾಕೆ ಭವಾನಿ ಪೇಟೆಯ ನಮ್ಮ ಮೆಟ್ಟಿಲೇರಿ
ಚಪ್ಪಲಿಯನ್ನು ಬೀದಿಗೆ ಮುಖಮಾಡಿ ಜೋಡಿಸಿಟ್ಟು ಕೇಳಿದಳು:
ಇನೆ ಕಾಶಿವಾದಾ ಎಂಬ ಹೆಣ್ಣುಮಗಳು
ಇಪ್ಪತ್ತೊಂಬತ್ತನೇ ಇಸವಿಯಲ್ಲಿ
ಇಲ್ಲಿ ಉಣ್ಣುತ್ತಿದ್ದಳೆ?

ಬರೆಯುತ್ತಿರುವುದು ಜೀವನಚರಿತ್ರೆ.
ಹಡಗಿನ ಹೆಸರು ಸಿಕ್ಕಿದೆ, ದೇವಿ ಹಾಕಿಸಿಕೊಂಡ ಚೀಟಿ ಸಿಕ್ಕಿದೆ,
ಕೃಷಿ ಕಾಲೇಜಿನ ಹಾಜರಿಯಲ್ಲಿ ಮಾತ್ರ ಹೆಸರಿಲ್ಲ.
ಹಿಂದೆ ಕೂತು ಕೇಳಬಹುದು, ಪರೀಕ್ಷೆ ಕಟ್ಟುವಂತಿಲ್ಲ ಅಂದಿದ್ದರಂತೆ.
ಆಗೆಲ್ಲ ಅಲ್ಲಿಯ ಹೆಣ್ಣು ಓದಲು ಹೊರಟರೆ ಅಮೆರಿಕ, ಜರ್ಮನಿ;
ಈಕೆ ಜೋಳದ ತೆನೆಗೆ ಹತ್ತುವ ಕಾಡಿಗೆ ರೋಗದ ಬೆನ್ನು ಹತ್ತಿ
ಪುಣೆಗೆ ಬಂದಳು.

ಅಜ್ಜಿಯ ಖಾನಾವಳಿ ವಹಿ ತೆಗೆದೆ.
ನೀಲಗಂಗವ್ವ, ವಿಜಾಪುರದ ಕಡೆಯವಳು,
ಗಂಡ ಹೋದ ವರ್ಷವೇ ಒಲೆ ಹೂಡಿ
ದಿನಕ್ಕೆ ನಾಲ್ವತ್ತು ಗಂಗಾಳ ಬಡಿಸಿದವಳು.
ಮೂರನೇ ಇಯತ್ತೆಯ ದುಂಡು ಕನ್ನಡ.
ಇನೆ ಇಲ್ಲ, ಕಾಶಿವಾದಾ ಇಲ್ಲ.
ಹಮಾಲ ರೇವಪ್ಪ, ಪ್ರೆಸ್ಸಿನ ಗದಿಗೆಯ್ಯ, ಭತ್ತವ್ವ...

ಭತ್ತವ್ವ?

ಬಂದಾಕೆಯ ಪೆನ್ನು ನಿಂತಿತು.
ಇನೆ ಅಂದರೆ ನಮ್ಮಲ್ಲಿ ಭತ್ತದ ಪೈರು, ಅಂದಳು.

ಹಾಗಾದರೆ ಬರಕೊಳ್ಳಿ:
ಭತ್ತವ್ವ, ರೊಟ್ಟಿ ಅರ್ಧ. ಖಾರಕ್ಕೆ ಅತ್ತಳು.
ಭತ್ತವ್ವ, ರೊಟ್ಟಿ ಒಂದು.
ಭತ್ತವ್ವ, ಜ್ವರ. ಗಂಜಿ. ರೊಕ್ಕ ಹಿಡಿಯಬಾರದು.
ಭತ್ತವ್ವ, ರೊಟ್ಟಿ ಮೂರು, ರಂಜಕ ಕೇಳಿ ಹಾಕಿಸಿಕೊಂಡಳು.
ಕೆಟ್ಟ ತೆನಿ ತಂದಾಳ, ಅಡಿಗಿ ಮನ್ಯಾಗ ಬ್ಯಾಡ ಅಂದೆ.
ಕರೀ ಪುಡಿ ಬೆರಳಿಗೆ ಹಚ್ಚಿ ತನ್ನ ಕಣ್ಣು ತೋರಿಸಿ ನಕ್ಕಳು.
ಕಾಡಿಗಿ ಅನ್ನಲಿಕ್ಕೆ ಬಂತು. ಜೋಳ ಇನ್ನೂ ಜೋರ.

ವಹಿಯಲ್ಲಿ ಇಲ್ಲದ್ದು, ಅಜ್ಜಿ ಬಾಯಲ್ಲಿ ಹೇಳಿದ್ದು:
ಗಂಡಸರೆಲ್ಲ ಉಂಡೆದ್ದ ಮೇಲೆ
ಇಬ್ಬರೂ ಒಲೆಯ ಕಾವಿಗೆ ಕೂತು ಜೋಳ ಆರಿಸುವರು.
ಭತ್ತವ್ವ ಒಂದು ಕಾಳು ಎತ್ತಿ ಗಾಜಿನಡಿ ಹಿಡಿದಳು.
ಬರಿಗಣ್ಣಿಗೆ ಹಾಲಿನಂಥ ಕಾಳು;
ಅದರ ಮೈತುಂಬ, ಬಿತ್ತುವ ಮೊದಲೇ, ಮಸಿ.
'ಅದು ನನಗ ಗೊತ್ತಿತ್ತವ್ವಾ,' ಅನ್ನುತ್ತಿದ್ದಳು ಅಜ್ಜಿ,
'ಕಂಡಿರಲಿಲ್ಲ ಅಷ್ಟ.'

ಕಡೆಯ ಪುಟ.
ಭತ್ತವ್ವ ಊರಿಗೆ. ಬಾಕಿ ಏಳು ರೂಪಾಯಿ ಹನ್ನೊಂದಾಣೆ.
ಒತ್ತೆ: ಗಾಜು ಒಂದು.

ಆಮೇಲಿನದು ಬಂದಾಕೆಗೆ ಗೊತ್ತು.
ಯುದ್ಧ, ಗಂಡಸರ ಹೆಸರಲ್ಲಿ ಅಚ್ಚಾದ ಎರಡು ಪ್ರಬಂಧ,
ಅರವತ್ತೊಂದಕ್ಕೆ ಕರೆದು ಕೊಟ್ಟ ಡಾಕ್ಟರೇಟು.
ಆ ದಿನದ ಭಾಷಣದಲ್ಲಿ ಪುಣೆಯದು ಒಂದೇ ಮಾತು:
ಅಲ್ಲಿ ನನ್ನದೊಂದು ಸಾಲ ಉಳಿದಿದೆ.
ಕೃತಜ್ಞತೆ, ಎಂದು ನಾವೆಲ್ಲ ಅರ್ಥ ಮಾಡಿದ್ದೆವು,
ಅನ್ನುತ್ತ ಆಕೆ ಮುಖ ಒರೆಸಿಕೊಂಡಳು.

ಇಷ್ಟೂ ಹೊತ್ತು ನಾನು ಓದಿದ್ದು ಅದೇ ಗಾಜಿನಿಂದ.
ಅಂಚಿನ ಹಿತ್ತಾಳೆ ಸವೆದಿದೆ, ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ.
ಮ್ಯೂಸಿಯಮ್ಮಿಗೆ ಕೊಡುವಿರಾ?
ಬಾಕಿ ತೀರಿಸಿ ಬಿಡಿಸಿಕೊಂಡು ಹೋಗಿ, ಅಂದೆ, ನಗೆಗೆ.
ಆಕೆ ನಗಲಿಲ್ಲ. ಪಾಕೀಟು ಬಿಚ್ಚಿ
ಏಳು ನಾಣ್ಯ ವಹಿಯ ಮೇಲೆ ಸಾಲಾಗಿ ಇಟ್ಟು,
ಹನ್ನೊಂದಾಣೆ ಹುಡುಕಿಕೊಂಡು ಬರುತ್ತೇನೆ,
ಗಾಜು ಅಲ್ಲಿಯತನಕ ಇಲ್ಲೇ ಇರಲಿ, ಅಂದು
ಬೀದಿಗೆ ಮುಖ ಮಾಡಿ ಕಾದಿದ್ದ ಚಪ್ಪಲಿ ಮೆಟ್ಟಿದಳು.