ಮಲ್ಲಿಗೆ ಮುಡಿದು ಬರಬೇಡ

ತಸ್ಕೀನ್, ನಾಳೆ ಬೆಳಿಗ್ಗೆ ಮಲ್ಲಿಗೆ ಮುಡಿದು ಬರಬೇಡ.
ಈರುಳ್ಳಿ ದೋಸೆಯನ್ನೂ ತಿನ್ನಬೇಡ.
ಶೆಟ್ಟರ ಮುಂದೆ ನಿನ್ನ ಸೀಸೆಯ ಮುಚ್ಚಳ ತೆರೆದಾಗ
ಕೋಣೆಯಲ್ಲಿ ಅದೊಂದೇ ಮಾತಾಡಬೇಕು.

ಮಾಗಡಿ ರಸ್ತೆಯ ಈ ಕಾರ್ಖಾನೆಗೆ ನಾನು ಬಂದಾಗ
ಊದುಬತ್ತಿ ಹೊಸೆಯುವ ಕೈ ನನ್ನದು,
ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ.
ಅಂಗೈ ಕಪ್ಪು, ಉಗುರು ಕಪ್ಪು,
ಡಬ್ಬಿಯ ಮೊಸರನ್ನಕ್ಕೂ ಇದ್ದಿಲ ರುಚಿ.
ಮೂಗು ಮಾತ್ರ ಸುಮ್ಮನಿರಲಿಲ್ಲ.
ಮಹಡಿಯ ಮೇಲೆ ಗಂಧ ಬೆರೆಸುವವರು
ಲಾವಂಚ ಒಂದು ಚಮಚ ಹೆಚ್ಚು ಸುರಿದ ದಿನ
ಕೆಳಗೆ ಕೂತೇ ಹೇಳಿಬಿಟ್ಟೆ.
ಬಾಯಿ ಮುಚ್ಚಿಕೊಂಡು ಹೊಸಿ, ಅಂದರು.
ಹೊಸೆದೆ. ಬಾಯಿ ಮುಚ್ಚಲಿಲ್ಲ.

ಈಗ ಆ ಮಹಡಿಯ ಬೀಗದ ಕೈ ನನ್ನ ಸೊಂಟದಲ್ಲಿದೆ.
ಹೇಗೆ ಬಂತು ಅಂತ ಕೇಳಿದ್ದೆ ನೀನು,
ಅವತ್ತು ನಕ್ಕು ಸುಮ್ಮನಾದೆ.

ಒಂದು ಪುಸ್ತಕ ಇಟ್ಟುಕೋ.
ಕೆಟ್ಟ ಬೆರಕೆಯ ಲೆಕ್ಕ ಮೊದಲು ಬರಿ, ಗ್ರಾಮಿನ ಸಮೇತ.
ಚೆನ್ನಾಗಿ ಬಂದದ್ದು ಹೇಗೂ ನೆನಪಿರುತ್ತೆ,
ಕೆಟ್ಟದ್ದನ್ನು ಮರೆತರೆ
ಅದೇ ಗುಂಡಿಗೆ ಮತ್ತೆ ಅದೇ ಕಾಲು.
ನನ್ನ ಮೊದಲ ನಲವತ್ತು ಸೀಸೆ ಬಚ್ಚಲಿಗೆ ಹೋದವು.
ವಾರವಿಡೀ ಹಿಂದಿನ ಮೋರಿ
ಮದುವೆಮನೆಯ ಹಾಗೆ ಘಮಘಮಿಸಿ
ಬೀದಿನಾಯಿಗಳು ಆಚೆ ಬೀದಿಗೆ ಹೋಗಿ ಮಲಗಿದವು.

ನಸುಕಿಗೊಮ್ಮೆ ಕೆ.ಆರ್. ಮಾರ್ಕೆಟ್ಟಿಗೆ ಹೋಗು, ಕೊಳ್ಳಲಿಕ್ಕಲ್ಲ.
ಕನಕಾಂಬರಕ್ಕೆ ವಾಸನೆಯೇ ಇಲ್ಲ,
ಆದರೂ ಮಾರು ಮಾರು ಹೋಗುತ್ತೆ.
ಯಾಕೆ ಅಂತ ಯೋಚಿಸುತ್ತಾ ವಾಪಸು ಬಾ.

ಮೂಗು ದಣಿದರೆ ನಿನ್ನದೇ ಮೊಣಕೈ ಮಡಿಕೆ ಮೂಸು.
ಮಂದಿಯ ಸರಕು ಮೂಸಿ ಮೂಸಿ
ನನಗೇನೂ ಬರುವುದಿಲ್ಲ ಅನ್ನಿಸಿದಾಗಲೂ ಅದೇ ಮದ್ದು.

ಸಂಬಳ ಕೇಳು.
ಕೇಳುವಾಗ ದುಪಟ್ಟಾದ ತುದಿ ಹಿಂಡಬೇಡ.
ಕಲೆಗೆ ಬೆಲೆ ಕಟ್ಟಲಾಗದು ಅನ್ನುವವರು
ಸಾಮಾನ್ಯವಾಗಿ ಬೆಲೆ ಕೊಡಬೇಕಾದವರೇ.

ನಲವತ್ತೊಂದನೆಯದಕ್ಕೆ ‘ಮೂರು ಗಂಟೆ’ ಅಂತ ಹೆಸರಿಟ್ಟಿದ್ದೆ.
ಕಾದ ತಗಡು, ಒದ್ದೆ ಮಡಕೆ,
ಮೊರದಲ್ಲಿ ಒಣಗುವ ನಿಂಬೆ ಸಿಪ್ಪೆ,
ಶ್ರೀರಾಮಪುರದ ನಮ್ಮ ವಠಾರದ ಮಧ್ಯಾಹ್ನ.
ಮೂರು ಗಂಟೆಗೆ ಯಾರಮ್ಮ ಪೂಜೆ ಮಾಡ್ತಾರೆ,
ಅಂದರು ಶೆಟ್ಟರು. ಆದರೂ ಮಾಡಿಸಿದರು.
ಹೋದ ಪೆಟ್ಟಿಗೆಗಳು ಹೋದ ಹಾಗೇ ತಿರುಗಿ ಬಂದವು.
ಆಮೇಲೆ ಪರೀಕ್ಷೆಯ ಸೀಸನ್ನಿಗೆ ಅಂತ
ಅರ್ಧ ದಿನದಲ್ಲಿ ಕಲಸಿದ ಒಂದು ಸಕ್ಕರೆ ಗುಲಾಬಿ
ಲಾರಿಗಟ್ಟಲೆ ಹೋಯಿತು.
ಈ ಬೀಗದ ಕೈ ಕೊಟ್ಟದ್ದು ಆ ಗುಲಾಬಿ, ತಸ್ಕೀನ್.
ಬೇಜಾರಿದೆ. ಇರಲಿ. ಮನೆ ಬಾಡಿಗೆ ಕಟ್ಟಿದ್ದೂ ಅದೇ.

ಹೋದ ವರ್ಷ ವಿಜಯನಗರದಲ್ಲಿ ಆಟೋ ಹತ್ತಿದೆ.
ಹ್ಯಾಂಡಲಿನ ಪಕ್ಕ ಅರ್ಧ ಕಡ್ಡಿ ಉರಿಯುತ್ತಿತ್ತು.
ಎದೆ ಧಸಕ್ಕೆಂದಿತು.
‘ಇದು ಈಗ ಬರಲ್ಲ ಮೇಡಂ,
ಅಂಗಡಿ ಅಂಗಡಿ ಹುಡುಕಿ ಹನ್ನೊಂದು ಪ್ಯಾಕೆಟ್ ಇಟ್ಕೊಂಡಿದ್ದೀನಿ.
ದಿನಕ್ಕೆ ಅರ್ಧವೇ.’
ಯಾಕೆ ಇಷ್ಟ ಅಂತ ಕೇಳಿದೆ.
ಸಿಗ್ನಲ್ ಬಿಡುವ ತನಕ ಯೋಚಿಸಿದ.
‘ಗೊತ್ತಿಲ್ಲ. ಊಟ ಆದಮೇಲೆ ಇರುತ್ತಲ್ಲ, ಹಾಗೆ.’
ಮಾಡಿದ್ದು ನಾನು ಅನ್ನಲಿಲ್ಲ.
ಇಳಿಯುವಾಗ ಮೀಟರಿನ ಮೇಲೆ ಇಪ್ಪತ್ತು ಕೊಟ್ಟೆ.
ಬೆಂಗಳೂರಿನಲ್ಲಿ ಆಟೋದವನಿಗೆ
ನಾನಾಗೇ ಹೆಚ್ಚು ಕೊಟ್ಟದ್ದು ಅದೊಂದೇ ಸಲ.

ನಾಳೆ ಶೆಟ್ಟರು ಹುಬ್ಬು ಗಂಟಿಕ್ಕಬಹುದು.
ಸೀಸೆ ಕಸಿದುಕೊಳ್ಳಬೇಡ. ಹತ್ತು ಎಣಿಸು.
ಎರಡನೆಯ ಸಲ ಮೂಸಿದರೆ ಅರ್ಧ ಗೆದ್ದೆ.
ಬೇಡ ಅಂದರೆ ಪುಸ್ತಕದಲ್ಲಿ ತಾರೀಕು ಹಾಕು.
ಕಪಾಟಿನ ಕೆಳಗಿನ ಅರೆಯಲ್ಲಿ
ನನ್ನ ಮೂರು ಗಂಟೆಯ ಪಕ್ಕ ಒರೆಸಿ ಜಾಗ ಮಾಡಿದ್ದೇನೆ.
ಮುಚ್ಚಳ ಬಿಗಿ ಮಾಡಿ ಇಡು,
ನಲವತ್ತೆರಡಕ್ಕೆ ತಕ್ಕಡಿ ತೊಳಿ.

ಮತ್ತೆ ಹೇಳುತ್ತೇನೆ, ಮಲ್ಲಿಗೆ ಬೇಡ.
ಸಂಜೆ ಮುಡಿಯುವಿಯಂತೆ, ನಾನೇ ತಂದಿರುತ್ತೇನೆ.