ಎಂಬತ್ತೊಂಬತ್ತರ ಬ್ಯಾಚು

ವರ್ಷಕ್ಕೊಮ್ಮೆ, ಹಿಮ ಕರಗಿ ಸೇಂಟ್ ಜಾನ್ಸಿನ ಏರುರಸ್ತೆಗಳೆಲ್ಲ
ರಾಡಿಯಾಗುವ ಹೊತ್ತಿಗೆ
ವಿಶ್ವವಿದ್ಯಾಲಯದಿಂದ ನನಗೊಂದು ಓಲೆ:
ಶ್ರೀಮತಿ ವರ್ನಾ ಪೆಲ್ಲಿ ಅವರಿಗೆ,
ನಿಮ್ಮ ಬ್ಯಾಚಿನವರ ಸಾಧನೆಗಳನ್ನು
ತಲಾ ನಲವತ್ತು ಪದ ಮೀರದಂತೆ ಕಳಿಸಿಕೊಡಿ.

ನಾವು ಹತ್ತೊಂಬತ್ತು ಮಂದಿ. ಮೀನು ಓದಿದವರು.
ಕಾಡ್ ಮೀನಿನ ಕಿವಿಯೊಳಗಿನ ಕಲ್ಲನ್ನು ಕೊಯ್ದು
ಮರದ ಉಂಗುರ ಎಣಿಸುವ ಹಾಗೆ
ವಯಸ್ಸು ಎಣಿಸುವುದನ್ನು ಕಲಿತವರು.
ಪದವಿ ಕೈಗೆ ಬಂದು ಮೂರು ವರ್ಷ ಆಗಿತ್ತೋ ಇಲ್ಲವೋ,
ಹಿಡಿಯಲು ಮೀನು ಉಳಿದಿಲ್ಲವೆಂದು
ಸರ್ಕಾರ ಬಲೆಗಳನ್ನೆಲ್ಲ ಮೇಲೆತ್ತಿಸಿತು.
ಕೆರೆ ಬತ್ತಿದ ಮೇಲೆ ಈಜು ಕಲಿತರೇನು ಎನ್ನುತ್ತಾರಲ್ಲ,
ನಮ್ಮದು ಅದೂ ಅಲ್ಲ.
ನೀರು ಕಣ್ಣು ಹಾಯುವಷ್ಟು ದೂರ ಹಾಗೇ ಇತ್ತು.

ಆಮೇಲಿನದು ನಲವತ್ತು ಪದದಲ್ಲಿ ಹಿಡಿಸುತ್ತದೆ.
ಕ್ಲೆಮೆಂಟ್ ಡ್ರೋವರ್ ಆಲ್ಬರ್ಟಾದ ಎಣ್ಣೆಮರಳಿಗೆ ಹೋದ,
ಈಗ ಉಪಾಧ್ಯಕ್ಷ; ಫೋಟೋದಲ್ಲಿ ಹಲ್ಲು ಹೊಸವು.
ಫಿಲೋಮಿನಾ ಕ್ವಿಗ್ಲಿ ಮೊದಲಿನಿಂದ ಓದಿ ದಂತವೈದ್ಯೆಯಾದಳು.
(ಆ ಹಲ್ಲು ಅವಳ ಕೈಕೆಲಸವೆಂದು ನನ್ನ ಗುಮಾನಿ. ಅಚ್ಚಿಗಲ್ಲ.)
ರೇ ಟಿಜಾರ್ಡ್ ಪ್ರತಿ ಸಲ ಮೂರು ಪುಟ ಬರೆಯುತ್ತಾನೆ,
ಬಹುಮಾನ, ಫಲಕ, ಮೇಯರ್ ಜೊತೆ ಊಟ.
ಕೊಯ್ಯುತ್ತೇನೆ. ಕಿವಿಗಲ್ಲು ಕೊಯ್ದ ಕೈ ಇದು.
ಇನ್ನೊಬ್ಬಳು, ಹೆಸರು ಬೇಡ,
"ಈ ವರ್ಷ ಕುಡಿಯಲಿಲ್ಲ" ಎಂದು ಬರೆದಿದ್ದಳು.
ಮಾರನೇ ದಿನವೇ ಇನ್ನೊಂದು ಕಾಗದ:
ದಯವಿಟ್ಟು ಹಾಕಬೇಡ.

ಮತ್ತೆ, ಲಿಯಾಂಡರ್ ಹೈನ್ಸ್.
ಉತ್ತರದ ಯಾವುದೋ ಕೊಲ್ಲಿಯಿಂದ, ಮೇ ಮೊದಲ ವಾರ,
'ಸಾಧನೆ' ಎಂಬ ಕಾಲಮಿನಲ್ಲಿ ಪೆನ್ಸಿಲ್ ಅಕ್ಷರ:
ಅದೇ ಮನೆ. ಅದೇ ದೋಣಿ. ಮೇ ಒಂದು, ಬೆಳಿಗ್ಗೆ ಆರು,
ಕಟ್ಟೆಯ ಬಳಿ ನೀರು ಎರಡು ಡಿಗ್ರಿ.
ಮುಂದಿನ ವರ್ಷ, ಒಂದೂವರೆ.
ಅದರ ಮುಂದಿನ ವರ್ಷ, ಮಂಜುಗಡ್ಡೆ, ಅಳೆಯಲಾಗಲಿಲ್ಲ.
ನಮಗೆಲ್ಲ ಜೀವಮಾನಕ್ಕೆ ಒಂದೇ ಡಿಗ್ರಿ,
ಇವನಿಗೆ ವರ್ಷವರ್ಷವೂ ಎಂದು ನಗಾಡಿ
ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದೆ.
ಒಂದು ಸಲವೂ ಅಚ್ಚಿಗೆ ಕಳಿಸಲಿಲ್ಲ.

ಈ ಸಲ ಅವನ ಫಾರಂ ಬರಲಿಲ್ಲ.
ಹದಿನೈದನೇ ತಾರೀಕಿನವರೆಗೂ ಕಾದೆ.
ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ.
ರಾತ್ರಿ ಡಬ್ಬಿ ಸುರುವಿಕೊಂಡು
ಅಡಿಗೆಮನೆ ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ.
ಪೆನ್ಸಿಲ್ ಮಾಸಿದ ಕಡೆ ದೀಪಕ್ಕೆ ಹಿಡಿದೆ.
ಮೂವತ್ತೈದು ವರ್ಷ, ಮೂವತ್ತೈದು ಅಂಕಿ,
ಬೇರೇನೂ ಸೇರಿಸದೆ ಅವನ ಹೆಸರಿನ ಕೆಳಗೆ ಟೈಪು ಮಾಡಿದೆ.

ಸಂಪಾದಕ ಹುಡುಗ ಫೋನು ಮಾಡಿದ,
ಮೇಡಂ, ಇದು ತಪ್ಪಿ ಬಂದಿರಬೇಕು?
ಎಣಿಸಿ ನೋಡಪ್ಪ, ಎಂದೆ, ನಲವತ್ತು ಮೀರಿಲ್ಲ.
ಒಂದು ಕ್ಷಣ ಸುಮ್ಮನಿದ್ದು ಕೇಳಿದ,
ನಿಮ್ಮ ಜಾಗ ಖಾಲಿ ಇದೆಯಲ್ಲ?

ಒಂದು ವರ್ಷ ತುಂಬಿಸಿದ್ದೆ:
ಶಾಲಾ ಬಸ್ಸಿನ ಚಾಲಕಿ, ಇಪ್ಪತ್ತಾರು ಚಳಿಗಾಲ,
ಒಂದು ಮಗುವಿಗೂ ತರಚಿಲ್ಲ.
ಓದಿ ನೋಡಿ ಅಳಿಸಿದೆ. ಯಾಕೋ.

ನಿನ್ನೆ ಬೆಳಿಗ್ಗೆ, ಆರಕ್ಕೆ,
ಕೇಕಿಗೆ ಚುಚ್ಚುವ ಥರ್ಮಾಮೀಟರಿಗೆ ದಾರ ಕಟ್ಟಿ
ಕ್ವಿಡಿ ವಿಡಿಯ ಕಟ್ಟೆಯಿಂದ ಇಳಿಬಿಟ್ಟೆ.
ಎಳೆದು ನೋಡಿದರೆ ಮುಳ್ಳು ಕದಲಿಲ್ಲ.
ಅದರ ಅಂಕಿಗಳು ಶುರುವಾಗುವುದೇ ನಲವತ್ತರಿಂದ.

ಮಂಡಿಯೂರಿ, ಕೋಟಿನ ತೋಳು ಮಡಚಿ,
ಕೈಯನ್ನೇ ಅದ್ದಿದೆ.
ತಣ್ಣಗಿದೆ, ಲಿಯಾಂಡರ್.
ಬೆರಳು ಜೋಮು ಹಿಡಿಯುವಷ್ಟು.
ದಶಾಂಶ ನನಗೆ ಗೊತ್ತಾಗುವುದಿಲ್ಲ.